ಬಟ್ಟೆಯ ಗುರುತು, ಬಳಗದ ಗುರುತು: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಜವಳಿ ಅಂಗಡಿಗಳನ್ನು ಕುರಿತು

ಮನುಷ್ಯನ ಅವಶ್ಯಕತೆಗಳಲ್ಲಿ ಅನ್ನದ ನಂತರದ ಸ್ಥಾನ ಅರಿವೆಯದು. ಆದರೆ ಇವೆರಡಕ್ಕೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಉಂಡ ಅನ್ನ ಉಂಡವನಿಗಷ್ಟೇ ಗೊತ್ತು. ಉಟ್ಟ ಅರಿವೆ ಊರಿಗೆಲ್ಲ ಕಾಣುತ್ತದೆ. ಆದುದರಿಂದಲೇ ಉಡುಪು ಕೇವಲ ಮೈ ಮುಚ್ಚುವ ಸಾಧನವಾಗಿ ಯಾವ ಸಮಾಜದಲ್ಲಿಯೂ ಉಳಿದಿಲ್ಲ. ಉಟ್ಟವರ ಊರು, ವಯಸ್ಸು, ಕಸುಬು, ಸುಖ-ದುಃಖಗಳನ್ನು, ಒಮ್ಮೊಮ್ಮೆ ಅವರ ರಾಜಕೀಯ ನಿಲುವನ್ನೂ ಅದು ಬೀದಿಯಲ್ಲಿ ಸಾರುತ್ತದೆ. ಒಂದೇ ಬಗೆಯ ಅರಿವೆ ತೊಟ್ಟವರು ಪರಸ್ಪರ ಪರಿಚಯವಿಲ್ಲದೆಯೂ ತಾವೊಂದು ಬಳಗವೆಂದು ಭಾವಿಸುವುದುಂಟು. ಈ ಬಳಗವನ್ನು ಕಟ್ಟುವವರು ಯಾರು? ನೇಯುವವರೇ, ಮಾರುವವರೇ, ಉಡುವವರೇ? ಮಹಾನಗರಗಳ ವ್ಯಾಪಾರಶಾಸ್ತ್ರಜ್ಞರು ಇಂದು ತರುಣರ ಬೀದಿ ಉಡುಪಿನ ಬ್ರ್ಯಾಂಡುಗಳನ್ನು ಮುಂದಿಟ್ಟುಕೊಂಡು ಕೇಳುತ್ತಿರುವ ಪ್ರಶ್ನೆ ಇದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಜವಳಿ ಪೇಟೆಯನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ.

ಈ ನಾಲ್ಕು ಊರುಗಳ ಸುತ್ತಣ ಎರೆಭೂಮಿ ಹತ್ತಿಯ ತವರು. ಬೈಲಹೊಂಗಲ, ಸವದತ್ತಿಗಳ ಪೇಟೆಗಳು ಬೆಳೆದುದೇ ಹತ್ತಿಯ ಅಂಡಿಗೆಗಳ ಬಲದ ಮೇಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳಗಾವಿ-ಧಾರವಾಡ ಸೀಮೆಯ ದೇಶಿ ಹತ್ತಿ ಘಟ್ಟವಿಳಿದು ಕುಮಟೆಯ ಬಂದರದಲ್ಲಿ ಹಡಗೇರುತ್ತಿತ್ತು. ಆ ಕಾರಣ ಹೊರಗಿನ ಪೇಟೆಗಳಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂಬ ಹೆಸರು ಬಿದ್ದಿತು. ಹತ್ತಿಯ ಹೊಲವೇ ಇಲ್ಲದ ಕರಾವಳಿಯ ಬಂದರದ ಹೆಸರು ಮಾಲಿಗೆ ನಿಂತಿತು. ಬೆಳೆದ ಒಕ್ಕಲಿಗನ ಊರು ಮರೆಗೆ ಸರಿಯಿತು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕೆಯ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ಕಡಿಮೆಯಾಗಿ, ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಅದರ ಬೆನ್ನಿಗೇ ಅಂಡಿಗೆಯಲ್ಲಿ ಕಾಳು, ಕಸ, ಕೀಳು ಅರಳೆಗಳನ್ನು ಬೆರೆಸುವ ಚಾಳಿಯೂ ಹಬ್ಬಿತು. ಈ ಮೋಸವನ್ನು ತಡೆಯಲೆಂದೇ ಮುಂಬಯಿ ಸರಕಾರ ೧೮೬೩ರಲ್ಲಿ ಪ್ರತ್ಯೇಕ ಕಾಯಿದೆಯೊಂದನ್ನು ಮಾಡಬೇಕಾಯಿತು. ಕೊಳ್ಳುವವನ ಮುಖವನ್ನು ಬೆಳೆದವನು ಕಾಣನು, ಬೆಳೆದವನ ಊರನ್ನು ಕೊಳ್ಳುವವನು ಅರಿಯನು ಎಂಬ ಸ್ಥಿತಿಯಲ್ಲಿ ಹೆಸರೊಂದೇ ನಂಬಿಕೆಯ ಭಾರವನ್ನು ಹೊರಲಾರದೆಂಬುದಕ್ಕೆ ಇದು ಈ ಸೀಮೆಯ ಮೊದಲ ದೃಷ್ಟಾಂತ.

ಜವಳಿ ಅಂಗಡಿಯ ಸಂಗತಿ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಮುಖವೇ ಮುಖ್ಯ, ಹೆಸರು ಆಮೇಲೆ. ಹಳೆಯ ಜವಳಿ ಅಂಗಡಿಯಲ್ಲಿ ಕುರ್ಚಿ-ಮೇಜುಗಳಿರಲಿಲ್ಲ. ಬಿಳಿಯ ಹಾಸು ಹೊದಿಸಿದ ಗಾದಿ, ಗೋಡೆಗೆ ಲೋಡು, ಹಿಂದೆ ಕಟ್ಟಿಗೆಯ ಕಪಾಟುಗಳಲ್ಲಿ ತಾನುಗಳು, ಕೈಯಲ್ಲಿ ಕಬ್ಬಿಣದ ಗಜ. ಗಿರಾಕಿ ಬಂದೊಡನೆ ಮೊದಲು ಬರುವುದು ನೀರಿನ ತಂಬಿಗೆ. ಅನಂತರ ಮಳೆ-ಬೆಳೆಯ ಮಾತು, ಮಗಳ ಗಂಡನ ಮನೆಯ ಕುಶಲ. ಬಟ್ಟೆಯ ಮಾತು ಹೊರಡುವುದು ಕಟ್ಟಕಡೆಗೆ. ಮಾರಾಟದ ದೃಷ್ಟಿಯಿಂದ ಇದು ಕಾಲಹರಣವೆಂದು ತೋರಬಹುದು. ವಾಸ್ತವದಲ್ಲಿ ಅದೇ ಆ ವ್ಯಾಪಾರದ ಬುನಾದಿ. ಒಕ್ಕಲಿಗನಿಗೆ ರೊಕ್ಕ ಬರುವುದು ವರ್ಷಕ್ಕೊಮ್ಮೆ, ಹತ್ತಿ-ಜೋಳ ಮಾರಿದಾಗ. ಬಟ್ಟೆ ಬೇಕಾಗುವುದು ಪಂಚಮಿಗೆ, ದೀಪಾವಳಿಗೆ, ಮನೆಯಲ್ಲಿ ಕಾರ್ಯ ಬಂದಾಗ. ಈ ಎರಡರ ನಡುವಣ ತಿಂಗಳುಗಳನ್ನು ತುಂಬುತ್ತಿದ್ದುದು ಅಂಗಡಿಯ ಉದ್ರಿ ಪುಸ್ತಕ. ಮನೆತನದ ಹೆಸರಿನಲ್ಲಿ ಖಾತೆ. ತಂದೆಯ ಬಾಕಿ ಮಗನ ಹೆಗಲಿಗೆ. ಮಳೆ ಕೈಕೊಟ್ಟ ವರ್ಷ ಅಂಗಡಿಕಾರನೂ ಒಕ್ಕಲಿಗನಷ್ಟೇ ಮುಗಿಲು ನೋಡುತ್ತ ಕುಳಿತಿರಬೇಕಾಗುತ್ತಿತ್ತು. ಉದ್ರಿಯಲ್ಲಿ ಶೋಷಣೆಯೂ ಇದ್ದಿತು. ಅಕ್ಷರ ಬಾರದವನ ಖಾತೆಯಲ್ಲಿ ಏನು ಬರೆದಿದೆಯೆಂಬುದನ್ನು ಬರೆದವನೇ ಬಲ್ಲ. ಆದರೂ ವರ್ಷಾನುವರ್ಷ ಒಂದೇ ಅಂಗಡಿಯ ಮೆಟ್ಟಿಲು ಹತ್ತುವ ಮನೆತನಗಳು ಹುಟ್ಟಿಕೊಂಡುದು ಈ ಪರಸ್ಪರ ಕಟ್ಟಿನಿಂದಲೇ.

ಈ ಕಟ್ಟು ಪೂರ್ಣರೂಪದಲ್ಲಿ ಕಾಣುವುದು ಮದುವೆಯ ಬಸ್ತಾದಲ್ಲಿ. ಬಸ್ತಾ ಎಂದರೆ ಬೀಗರಿಬ್ಬರೂ ಕೂಡಿ ಮದುವೆಯ ಜವಳಿ ಕೊಳ್ಳುವ ಕಾರ್ಯ. ಹಳ್ಳಿಯಿಂದ ಚಕ್ಕಡಿ ಕಟ್ಟಿಕೊಂಡು, ಈಚಿನ ದಿನಗಳಲ್ಲಿ ಟ್ರ್ಯಾಕ್ಟರು, ಟೆಂಪೊಗಳಲ್ಲಿ, ಹತ್ತಿಪ್ಪತ್ತು ಜನ ಬಂದು ಗಾದಿಯ ಮೇಲೆ ಕುಳಿತರೆ ಅಂದಿನ ದಿನವೆಲ್ಲ ಆ ಅಂಗಡಿ ಅವರದೇ. ಮದುಮಗಳ ಸೀರೆ, ಬೀಗತಿಯರ ಸೀರೆ, ಸೋದರಮಾವನ ರುಮಾಲು, ಹಿರಿಯರ ಧೋತರ, ಅಕ್ಕತಂಗಿಯರ ಖಣ, ಊರ ಆಯಗಾರರಿಗೆ ಕೊಡತಕ್ಕ ಬಟ್ಟೆ, ಆಹೇರಿಯ ಬಟ್ಟೆ—ಪ್ರತಿಯೊಂದಕ್ಕೂ ಅದರದೇ ದರ್ಜೆ. ಯಾರಿಗೆ ಯಾವ ದರ್ಜೆಯದು ಎಂಬುದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆ ಮಾತು ಮೂರು ತಲೆಮಾರಿನವರೆಗೆ ಉಳಿಯುತ್ತದೆ. ಇಂಥಲ್ಲಿ ಅಂಗಡಿಕಾರನು ಮಧ್ಯಸ್ಥನಾಗುತ್ತಾನೆ. ಹಿಂದಿನ ಮದುವೆಯಲ್ಲಿ ಈ ಮನೆತನ ಆ ಮನೆತನಕ್ಕೆ ಏನು ಕೊಟ್ಟಿತ್ತೆಂಬುದು ಅವನ ಖಾತೆಯಲ್ಲಿರುತ್ತದೆ. “ಅಕ್ಕಾರ, ಹ್ವಾದ ವರ್ಷ ಅವರು ನಿಮಗ ಮಾಡಿದ್ದು ಇದs ಅಂಚು ನೋಡ್ರಿ” ಎಂಬ ಒಂದು ಮಾತಿನಿಂದ ಅವನು ಜಗಳವನ್ನು ಹುಟ್ಟುವ ಮೊದಲೇ ಆರಿಸಬಲ್ಲ. ಬಸುರಿಗೆ ಕುಬಸ ಮಾಡುವಾಗ ಹಸಿರು ಸೀರೆ, ಹಸಿರು ಖಣ ಬೇಕು. ತವರಿನ ಉಡಿಗೆ ಎಂಥ ಖಣ ಸಲ್ಲುತ್ತದೆ. ಮಣ್ಣಿಗೆ ಹೋಗುವಾಗ ಏನು ಒಯ್ಯಬೇಕು. ಮಠಕ್ಕೆ ಒಪ್ಪಿಸುವ ಕಾವಿಯ ಬಣ್ಣ ಎಷ್ಟು ಗಾಢವಾಗಿರಬೇಕು—ಇವೆಲ್ಲ ಅವನಿಗೆ ಬಾಯಿಪಾಠ. ಪದ್ಧತಿಯನ್ನು ಮರೆತ ಹೊಸ ತಲೆಮಾರಿನವರು ಅದನ್ನು ಅಂಗಡಿಯಲ್ಲಿಯೇ ಕೇಳಿ ತಿಳಿದುಕೊಂಡುದುಂಟು. ಜವಳಿ ಅಂಗಡಿಯನ್ನು ಸೀಮೆಯ ಆಚಾರದ ಪತ್ರಾಗಾರವೆಂದರೆ ಅತಿಶಯೋಕ್ತಿಯಾಗದು.

ಆದರೆ ಗಾದಿಯ ಮೇಲೆ ಎಲ್ಲರಿಗೂ ಸ್ಥಳವಿರಲಿಲ್ಲವೆಂಬುದನ್ನು ಮರೆಮಾಚಲಾಗದು. ಅಸ್ಪೃಶ್ಯರೆನಿಸಿಕೊಂಡವರು ಅಂಗಡಿಯ ಹೊರಗೆ ನಿಂತು ಬಟ್ಟೆ ಕೇಳಬೇಕಾಗಿತ್ತು. ಮುಟ್ಟಿ, ಮಡಿಕೆ ಬಿಚ್ಚಿ ನೋಡುವ ಅಧಿಕಾರ ಅವರಿಗಿರಲಿಲ್ಲ. ಬಳಗವನ್ನು ಕಟ್ಟಿದ ಅಂಗಡಿಯೇ ಬಳಗದ ಬೇಲಿಯನ್ನೂ ಕಟ್ಟಿತ್ತು. ೧೯೨೭ರ ಡಿಸೆಂಬರಿನಲ್ಲಿ ಇದೇ ಮುಂಬಯಿ ಪ್ರಾಂತದ ಮಹಾಡದಲ್ಲಿ ಡಾ. ಅಂಬೇಡ್ಕರರು ನೆರೆದ ಸ್ತ್ರೀಯರನ್ನು ಉದ್ದೇಶಿಸಿ, ತಮ್ಮ ಜಾತಿಯನ್ನು ಗುರುತು ಹಿಡಿಯುವಂತೆ ಸೀರೆ ಉಡುವ ಪದ್ಧತಿಯನ್ನು ಬಿಟ್ಟುಬಿಡಬೇಕೆಂದು ಹೇಳಿದರು. ಉಡುವ ರೀತಿಯನ್ನು ಬದಲಿಸುವುದೂ ಒಂದು ಬಿಡುಗಡೆಯೆಂದು ಅವರು ಕಂಡಿದ್ದರು. ಜವಳಿ ಅಂಗಡಿಯ ಸ್ನೇಹಮಯ ಚಿತ್ರವನ್ನು ಬರೆಯುವವರು ಈ ಮಗ್ಗುಲನ್ನೂ ನೋಡತಕ್ಕದ್ದು.

ಈ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಸೀರೆ-ಖಣಗಳಲ್ಲಿ ಹೆಸರಾದವು ಪೂರ್ವದ ಇಳಕಲ್ಲು, ಗುಳೇದಗುಡ್ಡಗಳಿಂದ ಬಂದವು. ಇಳಕಲ್ಲ ಸೀರೆಯ ವಿಶೇಷವಿರುವುದು ಅದರ ಸೆರಗಿನ ಜೋಡಣೆಯಲ್ಲಿ. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡೂ ಹಾಸುಗಳ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿ ಅನಂತರ ನೇಯುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯ ಎಳೆಯಿಂದ ಮೂಡುವ ಆಕೃತಿಗಳು ಬಾಚಣಿಗೆಯ ಹಲ್ಲನ್ನು, ಕೋಟೆಯ ತೆನೆಯನ್ನು, ಜೋಳದ ತೆನೆಯನ್ನು ಹೋಲುತ್ತವೆ. ಒಕ್ಕಲು ಮಕ್ಕಳ ಕಣ್ಣಿಗೆ ಪರಿಚಿತವಾದ ವಸ್ತುಗಳೇ ಅವೆಲ್ಲ. ಚಿಕ್ಕಿ, ಗೋಮಿ, ಗಾಯತ್ರಿ ಮೊದಲಾದ ಅಂಚುಗಳನ್ನು ಹೆಂಗಸರು ಹೆಸರು ಹಿಡಿದೇ ಕೇಳುತ್ತಿದ್ದರು. ಅದರ ಮೇಲೆ ಮನೆಯಲ್ಲಿಯೇ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿಂದ ಕಸೂತಿ ಹಾಕಿದರೆ ಅಂಗಡಿಯ ಸೀರೆ ಮನೆಯ ಸೀರೆಯಾಗುತ್ತಿತ್ತು. ಗೋಪುರ, ತೇರು, ಅಂಬಾರಿ, ತುಳಸಿಕಟ್ಟೆಗಳು ಸೀರೆಯ ಮೇಲೆ ಮೂಡುತ್ತಿದ್ದವು. ಇಂದಿನ ಬ್ರ್ಯಾಂಡಿನ ಪರಿಭಾಷೆಯಲ್ಲಿ ನೋಡಿದರೆ ಇದೊಂದು ವಿಚಿತ್ರ ಪ್ರಸಂಗ. ಆ ಸೀರೆಯ ಮೇಲೆ ನೇಕಾರನ ಹೆಸರಿಲ್ಲ, ಅಂಗಡಿಯ ಹೆಸರಿಲ್ಲ. ಆದರೂ ಸಂತೆಯಲ್ಲಿ ಅಷ್ಟು ದೂರದಿಂದ ಸೆರಗು ಕಂಡರೆ ಸಾಕು, ಯಾವ ಕಡೆಯ ಹೆಣ್ಣುಮಗಳೆಂದು ತಿಳಿಯುತ್ತಿತ್ತು.

ಸವದತ್ತಿಯ ಎಲ್ಲಮ್ಮನ ಗುಡ್ಡ ಈ ಎಲ್ಲ ಬಟ್ಟೆಗಳೂ ಒಂದೆಡೆ ನೆರೆಯುವ ಸ್ಥಳ. ಬನದ ಹುಣ್ಣಿವೆ, ಭಾರತ ಹುಣ್ಣಿವೆಯ ಜಾತ್ರೆಗಳಿಗೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಜನ ಬರುತ್ತಾರೆ. ಗುಡ್ಡದ ಅಂಗಡಿಗಳ ಸಾಲಿನಲ್ಲಿ ಕುಂಕುಮ-ಭಂಡಾರ, ಹಸಿರು ಬಳೆಗಳ ಮಗ್ಗುಲಿಗೆ ಉಡಿ ತುಂಬುವ ಖಣ, ಸೀರೆಗಳಿರುತ್ತವೆ. ಮರಾಠಿಯ ಹೆಂಗಸೂ ಕನ್ನಡದ ಹೆಂಗಸೂ ಒಂದೇ ಖಣವನ್ನು ಒಂದೇ ಹೆಸರಿನಿಂದ ಕೇಳುತ್ತಾರೆ. ಭಾಷೆಯ ಗಡಿಯ ಮೇಲೆ ಎಷ್ಟೋ ವಾದಗಳು ನಡೆದಿರುವ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಇದೇ ಗುಡ್ಡದಲ್ಲಿ ಹಸಿರು ಸೀರೆ, ಹಸಿರು ಬಳೆ ತೊಡಿಸಿ, ಕೊರಳಿಗೆ ಮುತ್ತು ಕಟ್ಟಿ, ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯೂ ನಡೆದಿತ್ತು. ಆಗ ಉಡುಪೇ ಸಂಕೋಲೆಯಾಯಿತು. ಕರ್ನಾಟಕ ವಿಧಾನಮಂಡಲ ೧೯೮೨ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಉಡುಪಿನಿಂದ ಕಟ್ಟಿದ ಬಳಗವೆಲ್ಲ ಒಳ್ಳೆಯ ಬಳಗವೇ ಆಗಬೇಕೆಂದಿಲ್ಲ.

ಉಡುವವರು ತಮ್ಮ ಇಚ್ಛೆಯಿಂದಲೇ ಆರಿಸಿಕೊಂಡು, ಬೀದಿಗೆ ತೊಟ್ಟುಕೊಂಡು ಬಂದು, ಆ ಮೂಲಕ ಹೊಸ ಬಳಗವೊಂದನ್ನು ಕಟ್ಟಿದ ಪ್ರಸಂಗ ಈ ಸೀಮೆಯಲ್ಲಿ ಒಂದೇ: ಅದು ಖಾದಿ. ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಮಹಾತ್ಮ ಗಾಂಧೀಜಿಯವರು ಅಧ್ಯಕ್ಷರು. ಅವರು ಆ ಸ್ಥಾನವನ್ನು ಅಲಂಕರಿಸಿದ್ದು ಅದೊಂದೇ ಸಲ. ಗಂಗಾಧರರಾವ ದೇಶಪಾಂಡೆಯವರ ಮುಂದಾಳುತನದಲ್ಲಿ ಜರುಗಿದ ಆ ಅಧಿವೇಶನದ ನಿರ್ಣಯಗಳಲ್ಲಿ ಒಂದು ಬಟ್ಟೆಗೆ ಸಂಬಂಧಿಸಿದ್ದು. ಅದರ ಮೇರೆಗೆ ಕಾಂಗ್ರೆಸ್ಸಿನ ಸದಸ್ಯನು ನಾಲ್ಕಾಣೆ ಚಂದಾ ಕೊಡುವುದರ ಬದಲು ತಿಂಗಳಿಗೆ ೨೦೦೦ ಗಜ ನೂಲನ್ನು ಕೊಡಬೇಕು; ರಾಜಕೀಯ ಸಮಾರಂಭಗಳಲ್ಲಿ ಕೈನೂಲಿನ ಕೈನೇಯ್ಗೆಯ ಬಟ್ಟೆಯನ್ನೇ ತೊಡಬೇಕು. ಜಗತ್ತಿನ ಯಾವ ರಾಜಕೀಯ ಪಕ್ಷವಾದರೂ ಸದಸ್ಯತ್ವದ ಶುಲ್ಕವನ್ನು ನೂಲಿನಿಂದ ಅಳೆದ ಉದಾಹರಣೆ ದುರ್ಲಭ. ಈ ನಿಯಮ ಒಂದು ವರ್ಷವೂ ಪೂರ್ತಿಯಾಗಿ ನಿಲ್ಲಲಿಲ್ಲವೆಂಬುದೂ ಸತ್ಯ. ೧೯೨೫ರ ಸಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಅದನ್ನು ಸಡಿಲಿಸಿ, ನೂಲು ಇಲ್ಲವೆ ನಾಲ್ಕಾಣೆ ಎಂದು ಮಾಡಲಾಯಿತು. ಅದೇ ಸಭೆಯ ಕಾಲಕ್ಕೆ ಅಖಿಲ ಭಾರತ ಚರಖಾ ಸಂಘ ಜನ್ಮತಾಳಿತು.

ಚರಖಾ ಸಂಘದ ಕೆಲಸವನ್ನು ವ್ಯಾಪಾರದ ದೃಷ್ಟಿಯಿಂದ ಅಭ್ಯಾಸ ಮಾಡಿದವರು ಕಡಿಮೆ. ಗಿರಣಿಯ ಒರಟು ಬಟ್ಟೆಯನ್ನೇ ಖಾದಿಯೆಂದು ಮಾರುವವರು ಆಗಲೂ ಇದ್ದರು. ಆದ್ದರಿಂದ ಸಂಘವು ಅಂಗಡಿಗಳಿಗೆ ಪ್ರಮಾಣಪತ್ರ ಕೊಡುವ ಪದ್ಧತಿಯನ್ನು ತಂದಿತು. ಪ್ರಮಾಣಿತ ಖಾದಿ ಭಂಡಾರದ ವ್ಯವಹಾರ ಜವಳಿ ಅಂಗಡಿಯ ವ್ಯವಹಾರಕ್ಕಿಂತ ಭಿನ್ನ: ಒಂದೇ ಬೆಲೆ, ಚೌಕಾಸಿಯಿಲ್ಲ. ಬಂದವರು ಯಾವ ಜಾತಿಯವರೆಂಬ ಪ್ರಶ್ನೆಗೆ ಅಲ್ಲಿ ಎಡೆಯಿರಕೂಡದು. ೧೯೩೫ರಲ್ಲಿ ಸಂಘ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೂಲುವ ಹೆಂಗಸಿಗೆ ಜೀವನಕ್ಕೆ ಸಾಕಾಗುವಷ್ಟು ಕನಿಷ್ಠ ಕೂಲಿ ಕೊಡಬೇಕೆಂದು ನಿರ್ಣಯಿಸಿತು. ಇದರ ಪರಿಣಾಮವಾಗಿ ಖಾದಿಯ ಬೆಲೆ ಏರಿತು. ಅಗ್ಗವಾಗಿ ಮಾರಿದರೆ ಗಿರಾಕಿ ಹೆಚ್ಚುತ್ತಾನೆಂಬುದು ಎಲ್ಲ ಅಂಗಡಿಗಳ ಸೂತ್ರ. ನೂತವಳು ಉಣ್ಣಲೆಂದು ಗಿರಾಕಿ ಹೆಚ್ಚು ಕೊಡಬೇಕೆಂಬುದು ಈ ಅಂಗಡಿಯ ಸೂತ್ರ. ಅಂತೆಯೇ ನೂಲುವವರೂ ನೇಯುವವರೂ ತಾವು ಸ್ವತಃ ಖಾದಿ ತೊಡಬೇಕೆಂಬ ಕಟ್ಟಳೆಯಾಯಿತು. ತೊಟ್ಟವನ ಮೇಲೆ ಹೊಣೆ, ಮಾರುವವನ ಮೇಲೆ ಹೊಣೆ, ಮಾಡುವವನ ಮೇಲೆಯೂ ಹೊಣೆ. ಕಾಯಕವನ್ನೂ ದಾಸೋಹವನ್ನೂ ಬೇರೆ ಬೇರೆಯಾಗಿ ನೋಡದ ನಾಡಿನಲ್ಲಿ, ನೇಕಾರ ಜೇಡರ ದಾಸಿಮಯ್ಯನನ್ನು ಆದ್ಯರ ಸಾಲಿನಲ್ಲಿ ನೆನೆಯುವ ಪರಂಪರೆಯಲ್ಲಿ, ಈ ಮಾತು ಬೇಗನೆ ನಾಟಿರಬೇಕು.

ಬೆಳಗಾವಿ ತಾಲ್ಲೂಕಿನ ಹುದಲಿ ಈ ಪ್ರಯೋಗದ ಕೇಂದ್ರವಾಯಿತು. ‘ಖಾದಿ ಭಗೀರಥ’ರೆನಿಸಿದ ಗಂಗಾಧರರಾಯರು ಅಲ್ಲಿ ನೆಲೆ ನಿಂತರು. ೧೯೩೭ರ ಏಪ್ರಿಲ್‌ದಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಹುದಲಿಯಲ್ಲಿ ಕೂಡಿದಾಗ ಗಾಂಧೀಜಿಯವರು ಆ ಚಿಕ್ಕ ಹಳ್ಳಿಯಲ್ಲಿ ಬಂದು ತಂಗಿದರು. ತರುವಾಯದ ಕಾಲದಲ್ಲಿ ಬೈಲಹೊಂಗಲ-ಕಿತ್ತೂರು ಸೀಮೆಗೆ ಹತ್ತಿರವೇ ಇರುವ ಧಾರವಾಡ ತಾಲ್ಲೂಕಿನ ಗರಗದಲ್ಲಿ ಖಾದಿ ಬೇರೂರಿತು. ೧೯೫೪ರಿಂದ ಗರಗದ ಸಂಸ್ಥೆ ರಾಷ್ಟ್ರಧ್ವಜದ ಬಟ್ಟೆಯನ್ನು ನೇಯುತ್ತ ಬಂದಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ಪಡೆದು ಧ್ವಜಗಳನ್ನು ಸಿದ್ಧಪಡಿಸುತ್ತದೆ. ಅದಕ್ಕೆ ಬೇಕಾದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದು ಬರುತ್ತದೆ. ಧ್ವಜದ ಅಳತೆಗಳು ಒಂಬತ್ತು. ಉದ್ದ-ಅಗಲಗಳ ಪ್ರಮಾಣ ೩:೨. ನೂಲಿನ ಬಲ, ಎಳೆಗಳ ಎಣಿಕೆ, ಬಣ್ಣದ ಗಟ್ಟಿತನ, ಚಕ್ರದ ೨೪ ಅರಗಳ ಕರಾರುವಾಕ್ಕಾದ ಸ್ಥಾನ ಎಲ್ಲಕ್ಕೂ ನಿಯಮವುಂಟು. ಒಂದರಲ್ಲಿ ತಪ್ಪಿದರೂ ಆ ಬಟ್ಟೆ ಧ್ವಜವಾಗಲಾರದು. ನೂಲುವವರೂ ಹೊಲಿಯುವವರೂ ಬಹುಪಾಲು ಹೆಣ್ಣುಮಕ್ಕಳು. ಕೆಂಪುಕೋಟೆಯಿಂದ ಹಳ್ಳಿಯ ಪಂಚಾಯತಿಯವರೆಗೆ ಹಾರಾಡುವ ಒಂದು ಗುರುತು ಈ ಎರೆಸೀಮೆಯ ಕೈಗಳನ್ನು ಅವಲಂಬಿಸಿತ್ತು.

ಅವಲಂಬಿಸಿತ್ತು ಎಂದು ಭೂತಕಾಲದಲ್ಲಿ ಹೇಳಲು ಕಾರಣವುಂಟು. ೨೦೨೧ರ ಡಿಸೆಂಬರ್ ೩೦ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಮುಂದಿನ ವರ್ಷ ಸ್ವಾತಂತ್ರ್ಯದ ಅಮೃತ ಮಹೋತ್ಸವದ ಸಂದರ್ಭದಲ್ಲಿ ಮನೆಮನೆಗೂ ಧ್ವಜ ಹಾರಿತು. ಬೆಂಗೇರಿಯಲ್ಲಿ ಮಾತ್ರ ಪ್ರತಿಭಟನೆ ನಡೆಯಿತು. ಮನೆಮನೆಗೂ ಧ್ವಜ ಮುಟ್ಟಬೇಕಾದರೆ ಕೈನೂಲಿನಿಂದ ಸಾಧ್ಯವೇ ಎಂಬುದು ಒಂದು ಕಡೆಯ ವಾದ. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ನಾಡಿನ ಗುರುತನ್ನು ನೂತವಳಿಂದ ಬೇರ್ಪಡಿಸಿದ ಮೇಲೆ ಅದರಲ್ಲಿ ಉಳಿಯುವುದು ಬಣ್ಣವಷ್ಟೇ ಎಂಬ ಇನ್ನೊಂದು ಕಡೆಯ ಮಾತು ಹೆಚ್ಚು ತೂಕದ್ದೆಂದು ತೋರುತ್ತದೆ.

ಇಲ್ಲಿ ದೂರದ ಊರೊಂದರ ಅಂಗಡಿಯನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ೧೯೯೪ರಲ್ಲಿ ನ್ಯೂಯಾರ್ಕ್ ನಗರದ ಲಫಾಯೆಟ್ ಬೀದಿಯಲ್ಲಿ ಜೇಮ್ಸ್ ಜೆಬಿಯಾ ಎಂಬಾತ ‘ಸುಪ್ರೀಮ್’ ಎಂಬ ಬಟ್ಟೆಯಂಗಡಿಯನ್ನು ತೆರೆದ. ಗಾಲಿಯ ಹಲಗೆಯ ಮೇಲೆ ನಿಂತು ಬೀದಿಯಲ್ಲಿ ಜಾರಾಡುವ ಹುಡುಗರೇ ಅವನ ಗಿರಾಕಿಗಳು. ಅವರು ಹಲಗೆಯಿಂದ ಇಳಿಯದೆಯೇ ಒಳಗೆ ಬರಲೆಂದು ಬಟ್ಟೆಗಳನ್ನೆಲ್ಲ ಗೋಡೆಯ ಬದಿಗೆ ಸರಿಸಿ, ನಡುವಣ ನೆಲವನ್ನು ತೆರವಾಗಿ ಬಿಟ್ಟಿದ್ದ. ಆ ಹುಡುಗರಿಗೆ ಬೇರೆ ಕಡೆ ಆದರವಿರಲಿಲ್ಲ. ಇಲ್ಲಿ ಕೊಳ್ಳದೆಯೂ ದಿನವಿಡೀ ನಿಲ್ಲಬಹುದಾಗಿತ್ತು. ಬೈಲಹೊಂಗಲದ ಗಾದಿಯನ್ನು ಕಂಡವರಿಗೆ ಇದರ ಮರ್ಮ ಕೂಡಲೇ ಹೊಳೆಯುತ್ತದೆ. ಕುಳ್ಳಿರಲು ಎಡೆ ಕೊಟ್ಟವನ ಅಂಗಡಿಯೇ ತನ್ನ ಅಂಗಡಿ. ಪ್ರತಿ ವಾರ ಕೆಲವೇ ಕೆಲವು ಉಡುಪುಗಳನ್ನು ಬಿಡುಗಡೆ ಮಾಡುವ ಉಪಾಯದಿಂದ ಅಂಗಡಿಯ ಮುಂದೆ ಸರತಿ ಬೆಳೆಯಿತು. ಕೆಂಪು ಚೌಕದಲ್ಲಿ ಬಿಳಿಯ ಅಕ್ಷರದ ಅದರ ಗುರುತು ಭೂಮಂಡಲವನ್ನು ಸುತ್ತಿತು. ೨೦೨೦ರಲ್ಲಿ ಒಂದು ದೊಡ್ಡ ಕಂಪನಿ ಅದನ್ನು ೨೧೦ ಕೋಟಿ ಡಾಲರಿಗೂ ಮಿಕ್ಕಿ ಕೊಂಡಿತು; ೨೦೨೪ರಲ್ಲಿ ೧೫೦ ಕೋಟಿ ಡಾಲರಿಗೆ ಕನ್ನಡಕ ತಯಾರಿಸುವ ಇನ್ನೊಂದು ಕಂಪನಿಗೆ ಮಾರಿತು. ಹುಡುಗರು ಕಟ್ಟಿದ ಬಳಗಕ್ಕೆ ಬೆಲೆ ಬಂದಿತು, ಆದರೆ ಆ ಬೆಲೆ ಹುಡುಗರಿಗೆ ಮುಟ್ಟಲಿಲ್ಲ. ಆ ಅಂಗಿಯನ್ನು ಹೊಲಿದವರು ಯಾರೆಂಬ ಪ್ರಶ್ನೆಯಂತೂ ಈ ಕಥೆಯಲ್ಲಿ ಎಲ್ಲಿಯೂ ಏಳುವುದಿಲ್ಲ.

ಅಂಥ ಅಂಗಿಗಳ ನಕಲು ಇಂದು 
ಬೈಲಹೊಂಗಲದ ರೆಡಿಮೇಡ್ ಅಂಗಡಿಯಲ್ಲಿಯೂ ತೂಗಾಡುತ್ತದೆ. ಅದಕ್ಕಿಂತ ಗಮನಾರ್ಹವಾದುದು, ಪ್ರತಿ ವರ್ಷ ಅಕ್ಟೋಬರ್ ೨೩ರಿಂದ ನಡೆಯುವ ಕಿತ್ತೂರು ಉತ್ಸವದ ಬೀದಿ. ೧೮೨೪ರಲ್ಲಿ ಅದೇ ದಿನ ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದ. ಆ ನೆನಪಿನ ಮೆರವಣಿಗೆಯಲ್ಲಿ ಕೆಂಪು-ಹಳದಿಯ ಶಾಲು, ರಾಣಿ ಚನ್ನಮ್ಮನ, ಸಂಗೊಳ್ಳಿ ರಾಯಣ್ಣನ ಚಿತ್ರವಿರುವ ಅಂಗಿ ತೊಟ್ಟ ತರುಣರು ಗುಂಪು ಗುಂಪಾಗಿ ಸಾಗುತ್ತಾರೆ. ಇದೂ ಬೀದಿಯ ಉಡುಪೇ. ಇದರ ಅಭಿಮಾನ ನಕಲಿಯಲ್ಲ. ಆದರೆ ಆ ಅಂಗಿಯ ಬಟ್ಟೆ ಎಲ್ಲಿ ತಯಾರಾಯಿತೆಂದು ತೊಟ್ಟವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ಹತ್ತಿ ಬೆಳೆಯುವ ಸೀಮೆಯ ವೀರರು ಪಾಲಿಯೆಸ್ಟರಿನ ಮೇಲೆ ಅಚ್ಚಾಗಿ ಮೆರೆಯುವುದು ವಿಪರ್ಯಾಸವೇ ಸರಿ.

ಕೇಳಬೇಕಾದ ಅವಶ್ಯಕತೆ ರಾಮದುರ್ಗದಲ್ಲಿ ಕಾಣುತ್ತದೆ. ೧೯೪೮ರಲ್ಲಿ ವಿಲೀನವಾಗುವವರೆಗೆ ಸಂಸ್ಥಾನವಾಗಿದ್ದ ಈ ಊರು, ಹತ್ತಿರದ ಸುರೇಬಾನ ಮೊದಲಾದ ಹಳ್ಳಿಗಳೊಡನೆ, ನೇಕಾರರ ನೆಲೆ. ಕೈಮಗ್ಗಗಳ ಎಡೆಯಲ್ಲಿ ವಿದ್ಯುತ್ ಮಗ್ಗಗಳು ಬಂದವು. ಕೈಮಗ್ಗಕ್ಕೆಂದು ಕೆಲವು ಬಟ್ಟೆಗಳನ್ನು ಕಾಯ್ದಿರಿಸುವ ಕೇಂದ್ರದ ಕಾಯಿದೆ ೧೯೮೫ರಲ್ಲಿ ಬಂದಿತು. ಆರಂಭದಲ್ಲಿ ೨೨ ಬಗೆಗಳಿದ್ದ ಪಟ್ಟಿ ಮುಂದೆ ೧೧ಕ್ಕೆ ಇಳಿಯಿತು. ಇಳಕಲ್ಲ ಸೀರೆಯ ಅಂಚನ್ನೇ ಹೋಲುವ ಪಾಲಿಯೆಸ್ಟರ್ ಸೀರೆ, ಕೊಂಡಿಯ ಶ್ರಮವಿಲ್ಲದೆ, ಅಲ್ಪ ಬೆಲೆಗೆ ಪೇಟೆಯಲ್ಲಿ ದೊರೆಯತೊಡಗಿತು. ಬಡ ಹೆಂಗಸಿಗೆ ಅಗ್ಗದ ಸೀರೆ ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ಅದನ್ನು ಇಳಕಲ್ಲೆಂದು ಹೇಳಿ ಮಾರುವುದಷ್ಟೇ ತಪ್ಪು. ಇದರ ಮೇಲೆ ೨೦೧೯ರ ಆಗಸ್ಟ್‌ದಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸುರೇಬಾನಗಳ ಓಣಿಗಳಿಗೆ ನುಗ್ಗಿತು. ಮನೆಯೊಳಗೇ ಮಗ್ಗವಿರುವ ನೇಕಾರನಿಗೆ ಮನೆಗೆ ನೀರು ಹೊಕ್ಕರೆ ಕಸುಬಿಗೂ ನೀರು ಹೊಕ್ಕಂತೆ. ಕುಣಿಮಗ್ಗವಿದ್ದಲ್ಲಿ ಕುಣಿಯ ತುಂಬ ಕೆಸರು. ಹೂಡಿದ ಹಾಸು, ಕೂಡಿಟ್ಟ ನೂಲು ಎಲ್ಲ ಹಾಳು. ರಾಜ್ಯ ಸರಕಾರ ನೇಕಾರರ ಸಾಲ ಮನ್ನಾ ಮಾಡಿತು. ೨೦೨೦ರಿಂದ ‘ನೇಕಾರ ಸಮ್ಮಾನ್’ ಎಂಬ ಹೆಸರಿನಲ್ಲಿ ಕೈಮಗ್ಗದ ನೇಕಾರನಿಗೆ ವರ್ಷಕ್ಕೆ ೨೦೦೦ ರೂಪಾಯಿಗಳನ್ನು, ಮುಂದೆ ೫೦೦೦ ರೂಪಾಯಿಗಳನ್ನು ಕೊಡಲಾರಂಭಿಸಿತು. ಸಹಾಯಧನ ಕೈ ಹಿಡಿಯಬಲ್ಲದು, ಮಗ್ಗವನ್ನು ನಡೆಸಲಾರದು. ಮಗ್ಗ ನಡೆಯುವುದು ಗಿರಾಕಿಯಿಂದ.

ಗಿರಾಕಿಗೆ ಇಂದು ನೇಕಾರನ ಮುಖ ಕಾಣದಿದ್ದರೂ, ನೋಡಿಕೊಳ್ಳಬಹುದಾದ ಗುರುತುಗಳು ಉಂಟು. ೨೦೦೬ರಿಂದ ಕೈಮಗ್ಗದ ಬಟ್ಟೆಗೆ ‘ಹ್ಯಾಂಡ್‌ಲೂಮ್ ಮಾರ್ಕ್’, ೨೦೧೩ರ ನಿಯಮಗಳ ಮೇರೆಗೆ ಖಾದಿಗೆ ‘ಖಾದಿ ಮಾರ್ಕ್’, ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಕದ ರಕ್ಷಣೆ ಇವೆ. ೧೯೭೫ರಲ್ಲಿ ಸ್ಥಾಪಿತವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೇಕಾರರಿಗೆ ನೂಲು ಕೊಟ್ಟು, ಬಟ್ಟೆ ಪಡೆದು, ‘ಪ್ರಿಯದರ್ಶಿನಿ’ ಮಳಿಗೆಗಳ ಮೂಲಕ ಮಾರುತ್ತ ಬಂದಿದೆ. ಸರಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಕೊಡುವ ಸಮವಸ್ತ್ರದ ಬಟ್ಟೆಯ ಒಂದು ಭಾಗವನ್ನೂ ಅದರ ನೇಕಾರರು ನೇಯ್ದು ಕೊಟ್ಟಿದ್ದಾರೆ.

ಶಾಲೆಯ ಸಮವಸ್ತ್ರ ಈ ಪ್ರಕರಣದಲ್ಲಿ ವಿಶೇಷವಾಗಿ ವಿಚಾರಾರ್ಹ. ಜಾತಿ, ಸಿರಿತನಗಳ ಗುರುತನ್ನು ಅಳಿಸಿ ಎಲ್ಲ ಮಕ್ಕಳನ್ನೂ ಒಂದು ಬಳಗವಾಗಿಸಲೆಂದೇ ಹುಟ್ಟಿದ ಉಡುಪು ಅದು. ಹಳೆಯ ವಿದ್ಯಾರ್ಥಿಗಳು ಐವತ್ತು ವರ್ಷಗಳ ಮೇಲೂ ಒಬ್ಬರನ್ನೊಬ್ಬರು ನೆನೆಯುವುದು ಆ ಬಣ್ಣದೊಂದಿಗೆ. ಆದರೆ ಅದರ ಬಟ್ಟೆ ಎಲ್ಲಿಯದೆಂಬುದು ಬಹುತೇಕ ಟೆಂಡರಿನ ಕಾಗದದಲ್ಲಿಯೇ ಮುಗಿದುಹೋಗುತ್ತದೆ. ಲೆಕ್ಕವಂತೂ ಸರಳ. ಖಾಸಗಿ ಶಾಲೆಯೊಂದರಲ್ಲಿ ೫೦೦ ಮಕ್ಕಳು, ತಲಾ ಎರಡು ಜೊತೆ, ಜೊತೆಯೊಂದಕ್ಕೆ ಎರಡೂವರೆ ಮೀಟರು ಎಂದು ಹಿಡಿದರೆ ವರ್ಷಕ್ಕೆ ೨೫೦೦ ಮೀಟರು ಬಟ್ಟೆ ಬೇಕು. ಕೈಮಗ್ಗದಲ್ಲಿ ದಿನಕ್ಕೆ ಐದು ಮೀಟರು, ತಿಂಗಳಿಗೆ ೨೫ ದಿನ ಎಂದು ಎಣಿಸಿದರೆ ಒಂದು ಮಗ್ಗ ತಿಂಗಳಿಗೆ ೧೨೫ ಮೀಟರು ಕೊಡುತ್ತದೆ. ಅಂದರೆ ಅಂಥ ಒಂದೊಂದು ಶಾಲೆಯ ಸಮವಸ್ತ್ರ ರಾಮದುರ್ಗದ ಎರಡು ಮಗ್ಗಗಳಿಗೆ ಸುಮಾರು ಹತ್ತು ತಿಂಗಳ ಕೆಲಸ.